ಗದ್ದಲವನ್ನು ಗೆದ್ದ ಮೇಜರ್ ಆರ್ಮ್‌ಸ್ಟ್ರಾಂಗ್

ಮುಂಗಾರಿನ ದಿನಗಳಲ್ಲಿ ಮೀಡಿಯಂ ವೇವ್ ರೇಡಿಯೋ ಕೇಳಿದವರಿಗೆ ಅದರ ಗರಗರ ಶಬ್ದವನ್ನು ನಾವು ವರ್ಣಿಸಿ ಹೇಳಬೇಕಾದುದಿಲ್ಲ. ಎಷ್ಟೋ ಹರದಾರಿಗಳಾಚೆ ಮಿಂಚು ಹೊಳೆದರೆ ಸಾಕು, ಪೆಟ್ಟಿಗೆಯೊಳಗೆ ಅರಳು ಹುರಿದಂತಾಗಿ ಗವಾಯಿಗಳ ಆಲಾಪವು ಅದರಲ್ಲಿ ಮುಳುಗಿಹೋಗುವುದು. ಮಳೆಯಿಲ್ಲದಾಗ ನೆರೆಮನೆಯ ಮಿಕ್ಸರು, ಬೀದಿಯಲ್ಲಿ ಹಾಯುವ ಮೋಟಾರು, ಈಚಿನ ದಿನಗಳಲ್ಲಿ ಅಗ್ಗದ ಎಲ್.ಇ.ಡಿ. ದೀಪ ಇವು ಆ ಕೆಲಸವನ್ನು ನಡೆಯಿಸುತ್ತವೆ. ವಿದ್ಯುತ್ತಿನಿಂದ ನಡೆಯುವ ಒಂದು ಉಪಕರಣವು ತನಗರಿಯದೆಯೇ ಅಲೆಗಳನ್ನು ಹೊರಚೆಲ್ಲಿ ಇನ್ನೊಂದು ಉಪಕರಣದ ಕೆಲಸಕ್ಕೆ ಅಡ್ಡಬರುವ ಈ ಉಪದ್ರವವು ರೇಡಿಯೋ ಹುಟ್ಟಿದ ದಿನದಿಂದಲೂ ಅದರ ಬೆನ್ನಿಗೆ ಬಿದ್ದಿದೆ.

ಇದಕ್ಕೆ ಪರಿಹಾರ ಎರಡು ಬಗೆಯದು. ಗದ್ದಲ ಮಾಡುವ ಯಂತ್ರದ ಬಾಯನ್ನು ಕಟ್ಟುವುದು ಒಂದು. ಕೇಳುವ ಯಂತ್ರವು ಗದ್ದಲಕ್ಕೆ ಕಿವಿಗೊಡದಂತೆ ಮಾಡುವುದು ಇನ್ನೊಂದು. ಮೊದಲನೆಯದು ಸರಕಾರಗಳೂ ಕಾರಖಾನೆಗಳೂ ಕೂಡಿ ಮಾಡಬೇಕಾದ ಕೆಲಸ. ಅದಕ್ಕಾಗಿಯೇ 1934ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳ ತಜ್ಞರು ಸೇರಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿಯನ್ನು ಸ್ಥಾಪಿಸಿದರು. ಅದು ಗೊತ್ತುಮಾಡಿದ ಮಿತಿಗಳು ಇಂದಿಗೂ ಎಷ್ಟೋ ದೇಶಗಳಲ್ಲಿ ಯಂತ್ರಗಳ ತಯಾರಿಕೆಯನ್ನು ಆಳುತ್ತಿವೆ. ಸಿಡಿಲಿನ ಬಾಯನ್ನಾದರೋ ಯಾವ ಸಮಿತಿಯೂ ಕಟ್ಟಲಾರದು. ಆದುದರಿಂದ ಎರಡನೆಯ ಮಾರ್ಗವನ್ನು ಯಾರಾದರೂ ಹುಡುಕಲೇಬೇಕಾಗಿದ್ದಿತು. ಅದು ಅಸಾಧ್ಯವೆಂದು ಬಲ್ಲವರೆಲ್ಲ ತೀರ್ಮಾನಿಸಿ ಕೈಬಿಟ್ಟಿದ್ದಾಗ, ಅದನ್ನು ಒಬ್ಬಂಟಿಗನಾಗಿ ಸಾಧಿಸಿ, ಅದರ ಫಲವನ್ನುಣ್ಣದೆ ಮಡಿದವನು ಎಡ್ವಿನ್ ಹೊವರ್ಡ್ ಆರ್ಮ್‌ಸ್ಟ್ರಾಂಗ್. ರೇಡಿಯೋ ಶಾಸ್ತ್ರದಲ್ಲಿ ಮಾರ್ಕೋನಿಯ ತರುವಾಯ ಇಷ್ಟು ದೊಡ್ಡ ಹೆಸರು ಕೆಲವೇ ಇವೆ.

ಆತನು ಹುಟ್ಟಿದುದು 1890ನೆಯ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಪುಸ್ತಕ ಪ್ರಕಟನೆಯ ವ್ಯವಹಾರದಲ್ಲಿದ್ದವನು, ತಾಯಿ ಉಪಾಧ್ಯಾಯಿನಿ. ಬಾಲ್ಯದಲ್ಲಿಯೇ ಒಂದು ನರರೋಗವು ತಗಲಿ ಎರಡು ವರ್ಷ ಶಾಲೆಯನ್ನು ಬಿಡಿಸಿ ಮನೆಯಲ್ಲಿಟ್ಟುಕೊಂಡು ಓದಿಸಬೇಕಾಯಿತು. ಆ ರೋಗದ ಗುರುತಾಗಿ ಮುಖದ ಅದಿರಾಟವು ಆಯುಷ್ಯದುದ್ದಕ್ಕೂ ಉಳಿಯಿತು. ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಊರಿಗೆ ಕುಟುಂಬವು ಬಂದ ಮೇಲೆ, ಮಾರ್ಕೋನಿಯ ಸಾಹಸಗಳನ್ನು ಓದಿದ ಹುಡುಗನಿಗೆ ರೇಡಿಯೋದ ಹುಚ್ಚು ಹಿಡಿಯಿತು. ಮನೆಯ ಹಿತ್ತಿಲಲ್ಲಿ 125 ಅಡಿ ಎತ್ತರದ ಕಂಬವೊಂದನ್ನು ತಾನೇ ಕಟ್ಟಿ ನಿಲ್ಲಿಸಿದನು. ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೇಲೆ ಕೆಂಪು ಮೋಟಾರ್ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದನು. ಎತ್ತರ, ವೇಗ ಇವೆರಡರ ಮೋಹ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

1912ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಆತನ ಮೊದಲನೆಯ ದೊಡ್ಡ ಆವಿಷ್ಕಾರವು ಆಯಿತು. ಲೀ ಡಿ ಫಾರೆಸ್ಟನು ಮಾಡಿದ್ದ ಆಡಿಯಾನ್ ಎಂಬ ನಿರ್ವಾತ ನಳಿಕೆಯು ಹೇಗೆ ಕೆಲಸಮಾಡುತ್ತದೆಂಬುದು ಅದನ್ನು ಮಾಡಿದವನಿಗೇ ಚೆನ್ನಾಗಿ ತಿಳಿದಿರಲಿಲ್ಲ. ಆರ್ಮ್‌ಸ್ಟ್ರಾಂಗನು ಅದನ್ನು ಅಳೆದು ಪರೀಕ್ಷಿಸಿ, ನಳಿಕೆಯಿಂದ ಹೊರಬಂದ ಶಕ್ತಿಯಲ್ಲಿ ಸ್ವಲ್ಪವನ್ನು ಮತ್ತೆ ಅದರ ಒಳಬಾಗಿಲಿಗೇ ತಂದು ಬಿಟ್ಟನು. ಕ್ಷೀಣವಾಗಿ ಕೇಳುತ್ತಿದ್ದ ದೂರದ ಕೇಂದ್ರಗಳು ಕೋಣೆಯ ತುಂಬ ಕೇಳತೊಡಗಿದುವು. ಪೇಟೆಂಟಿಗೆ ಹಣ ಕೊಡಲು ತಂದೆಯು ಒಪ್ಪಲಿಲ್ಲ, ಪದವಿ ಮುಗಿಯಲೆಂದನು. ಹುಡುಗನು 1913ರ ಜನವರಿಯಲ್ಲಿ ತನ್ನ ನಕ್ಷೆಯೊಂದಕ್ಕೆ ನೋಟರಿಯ ಮುದ್ರೆ ಹಾಕಿಸಿ ಇಟ್ಟುಕೊಂಡು, ಅರ್ಜಿಯನ್ನು ಅಕ್ಟೋಬರಿನಲ್ಲಿ ಸಲ್ಲಿಸಿದನು. ಈ ವಿಳಂಬಕ್ಕೆ ತೆತ್ತ ಬೆಲೆಯನ್ನು ಮುಂದೆ ಕಾಣುವೆವು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಗದ್ದಲದ ವೈರಿಯೆಂದು ನಾವು ಕೊಂಡಾಡುತ್ತಿರುವ ಈ ಪುರುಷನ ಮೊದಲ ಯಂತ್ರವೇ ಒಂದು ದೊಡ್ಡ ಗದ್ದಲದ ಮೂಲವಾಯಿತು. ಹಿಂದಿರುಗಿಸುವ ಶಕ್ತಿಯು ಸ್ವಲ್ಪ ಹೆಚ್ಚಾದರೆ ನಳಿಕೆಯು ಕೇಳುವುದನ್ನು ಬಿಟ್ಟು ತಾನೇ ಕೂಗತೊಡಗುವುದು. ಆ ಕೂಗು ಮನೆಯ ತಂತಿಯಿಂದ ಹೊರಹೊರಟು ಇಡೀ ಕೇರಿಯ ರೇಡಿಯೋಗಳಲ್ಲಿ ಸಿಳ್ಳು ಹಾಕುವುದು. 1920ರ ದಶಕದಲ್ಲಿ ಇಂಗ್ಲೆಂಡಿನ ಪ್ರಸಾರ ಸಂಸ್ಥೆಯು ಶ್ರೋತೃಗಳಿಗೆ ಇಂಥ ಕೂಗಾಟವನ್ನು ನಿಲ್ಲಿಸಿರೆಂದು ಮೇಲಿಂದ ಮೇಲೆ ಬುದ್ಧಿ ಹೇಳಬೇಕಾಗಿ ಬಂದಿತು. ಕೇಳುವ ಯಂತ್ರವೇ ಕೂಗುವ ಯಂತ್ರವಾಗುವ ಈ ದೋಷವನ್ನು ಇಂದಿನ ತಂತ್ರಜ್ಞರು ಪ್ರತಿಯೊಂದು ಹೊಸ ಉಪಕರಣದಲ್ಲಿಯೂ ಅಳೆದು ನೋಡಿದ ಮೇಲೆಯೇ ಅದನ್ನು ಮಾರಾಟಕ್ಕೆ ಬಿಡುತ್ತಾರೆ.

ಎರಡನೆಯ ಆವಿಷ್ಕಾರವು ಯುದ್ಧಭೂಮಿಯಲ್ಲಿ ಹುಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಅಧಿಕಾರಿಯಾಗಿ ಪ್ಯಾರಿಸ್ಸಿನಲ್ಲಿದ್ದಾಗ, 1918ರಲ್ಲಿ ಜರ್ಮನ್ ವಿಮಾನಗಳು ಬಾಂಬು ಹಾಕುತ್ತಿದ್ದುದನ್ನು ಕಂಡು ಆತನಿಗೆ ಒಂದು ಆಲೋಚನೆ ಹೊಳೆಯಿತು. ವಿಮಾನದ ಎಂಜಿನ್ನಿನಲ್ಲಿ ಕಿಡಿ ಹಾರಿದಾಗಲೆಲ್ಲ ಬಹು ಕ್ಷೀಣವಾದ, ಬಹು ವೇಗದ ವಿದ್ಯುದಲೆಗಳು ಹೊರಡುತ್ತವೆಯಲ್ಲವೆ? ಅವನ್ನು ಹಿಡಿದರೆ ಕತ್ತಲಲ್ಲಿಯೂ ವಿಮಾನವಿರುವ ದಿಕ್ಕನ್ನು ತಿಳಿಯಬಹುದು. ಎಲ್ಲರಿಗೂ ಉಪದ್ರವವಾಗಿದ್ದ ಗದ್ದಲವೇ ಇಲ್ಲಿ ಸುಳುಹು ಕೊಡುವ ಗೂಢಚಾರನಾಗಬೇಕು! ಅಂಥ ಅಲೆಗಳನ್ನು ಹಿಗ್ಗಿಸುವ ಶಕ್ತಿಯು ಆಗಿನ ನಳಿಕೆಗಳಿಗೆ ಇರಲಿಲ್ಲ. ಆದುದರಿಂದ ಬಂದ ಅಲೆಯೊಂದಿಗೆ ಯಂತ್ರದೊಳಗೆಯೇ ಹುಟ್ಟಿಸಿದ ಇನ್ನೊಂದು ಅಲೆಯನ್ನು ಬೆರಸಿ, ಅವೆರಡರ ಅಂತರದಿಂದ ಹುಟ್ಟುವ ನಿಧಾನವಾದ ಮೂರನೆಯ ಅಲೆಯನ್ನು ಹಿಗ್ಗಿಸುವ ಉಪಾಯವನ್ನು ಆತನು ಕಲ್ಪಿಸಿದನು. ಯುದ್ಧವು ಮುಗಿದುಹೋದುದರಿಂದ ವಿಮಾನಗಳ ಬೇಟೆಗೆ ಅದು ಬರಲಿಲ್ಲ. ಸೂಪರ್‌ಹೆಟರೊಡೈನ್ ಎಂದು ಹೆಸರಾದ ಆ ಉಪಾಯವಾದರೋ ಅಲ್ಲಿಂದ ಮುಂದೆ ಇಡೀ ಶತಮಾನ ಲೋಕದ ರೇಡಿಯೋಗಳ, ಟೆಲಿವಿಷನ್‌ಗಳ, ರಾಡಾರುಗಳ ಒಡಲಾಯಿತು. ಮೇಜರ್ ಎಂಬ ಸೈನಿಕ ಪದವಿಯು ಆತನ ಹೆಸರಿಗೆ ಆಗಲೇ ಅಂಟಿಕೊಂಡಿತು.

ಈ ಪೇಟೆಂಟುಗಳನ್ನು ಮಾರಿದುದರಿಂದ ಆತನಿಗೆ ಅಪಾರ ಐಶ್ವರ್ಯವು ದೊರೆಯಿತು. 1922ರಲ್ಲಿ ಮತ್ತೊಂದು ಆವಿಷ್ಕಾರಕ್ಕಾಗಿ ಆರ್.ಸಿ.ಎ. ಎಂಬ ರೇಡಿಯೋ ಕಂಪನಿಯು ನಗದಿನ ಜೊತೆಗೆ ಅರವತ್ತು ಸಾವಿರ ಷೇರುಗಳನ್ನು ಕೊಟ್ಟಿತು. ಆ ಕಂಪನಿಯ ಮುಖಂಡನಾಗಿ ಬೆಳೆದ ಡೇವಿಡ್ ಸಾರ್ನಾಫನು ಆಗ ಆತನ ಆಪ್ತಮಿತ್ರ. ಸಾರ್ನಾಫನ ಕಾರ್ಯದರ್ಶಿನಿಯಾಗಿದ್ದ ಮೇರಿಯನ್ ಮೆಕಿನಿಸಳನ್ನೇ ಆತನು 1923ರಲ್ಲಿ ವಿವಾಹವಾದನು. ಅದೇ ವರ್ಷ ಕಂಪನಿಯ ಎತ್ತರದ ಪ್ರಸಾರ ಗೋಪುರದ ತುದಿಯನ್ನೇರಿ ಆತನು ನಡೆಸಿದ ಹುಡುಗಾಟವನ್ನು ಕಂಡು ಸಾರ್ನಾಫನಿಗೆ ಸಿಟ್ಟು ಬಂದಿತಂತೆ. ಅದು ಸ್ನೇಹಿತರ ಸಿಟ್ಟು, ಬೇಗನೆ ಆರಿತು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಕೊಲಂಬಿಯದಲ್ಲಿ ತನ್ನ ಗುರು ಮೈಕೇಲ್ ಪ್ಯೂಪಿನನ ಜೊತೆಯಲ್ಲಿ ವಾತಾವರಣದ ಗರಗರವನ್ನು ತೊಲಗಿಸಲು ಆತನು ವರ್ಷಗಟ್ಟಲೆ ದುಡಿದು ಸೋತಿದ್ದನು. ಆಗಿನ ರೇಡಿಯೋದಲ್ಲಿ ಗಾಯಕನ ಸ್ವರಕ್ಕೆ ತಕ್ಕಂತೆ ಅಲೆಯ ಎತ್ತರವು ಏರಿಳಿಯುತ್ತಿದ್ದಿತು. ಸಿಡಿಲೂ ಮೋಟಾರಿನ ಕಿಡಿಯೂ ಮುಖ್ಯವಾಗಿ ಬದಲಿಸುವುದು ಆ ಎತ್ತರವನ್ನೇ. ಹೀಗಿರುವಾಗ ಯಾವುದು ಸ್ವರ, ಯಾವುದು ಗದ್ದಲವೆಂದು ಯಂತ್ರಕ್ಕೆ ಗೊತ್ತಾಗುವ ಬಗೆ ಯಾವುದು? ಎತ್ತರವನ್ನು ಮುಟ್ಟದೆ ಸ್ವರಕ್ಕೆ ತಕ್ಕಂತೆ ಅಲೆಯ ಕಂಪನಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡಬಹುದೆಂಬುದು ಎಲ್ಲರಿಗೂ ತಿಳಿದಿದ್ದಿತು. ಆದರೆ 1922ರಲ್ಲಿ ಜಾನ್ ಕಾರ್ಸನ್ ಎಂಬ ದೊಡ್ಡ ಗಣಿತಜ್ಞನು ಲೆಕ್ಕ ಹಾಕಿ, ಇದರಿಂದ ಪ್ರಯೋಜನವಿಲ್ಲ, ಸ್ವರವು ಕೆಡುವುದೆಂದು ತೋರಿಸಿದ್ದನು. ಆತನ ಗಣಿತದಲ್ಲಿ ತಪ್ಪಿರಲಿಲ್ಲ. ಕಂಪನಸಂಖ್ಯೆಯನ್ನು ಆದಷ್ಟು ಸ್ವಲ್ಪವೇ ಬದಲಿಸಬೇಕು, ಆಕಾಶದಲ್ಲಿ ಆದಷ್ಟು ಕಡಿಮೆ ಜಾಗವನ್ನು ಹಿಡಿಯಬೇಕು ಎಂಬ ಪ್ರಶ್ನೆಗೆ ಅದು ಉತ್ತರವಾಗಿದ್ದಿತು. ಅದನ್ನು ಓದಿದವರು ಎಲ್ಲ ಪ್ರಶ್ನೆಗಳಿಗೂ ಅದೇ ಉತ್ತರವೆಂದು ನಂಬಿ ಕುಳಿತರು.

ಆರ್ಮ್‌ಸ್ಟ್ರಾಂಗನು ಪ್ರಶ್ನೆಯನ್ನೇ ತಿರುಗಿಸಿದನು. ಕುಲುಕುವ ಎತ್ತಿನ ಗಾಡಿಯಲ್ಲಿ ಕುಳಿತು ಕಾಗದ ಬರೆಯುವವನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಗಾಡಿಯ ಕುಲುಕಿಗೆ ಕೈಯು ಒಂದು ನೂಲೆಳೆಯಷ್ಟು ಅಲುಗುವುದು. ಅಕ್ಷರಗಳನ್ನು ಸಾಸುವೆಯಂತೆ ಚಿಕ್ಕದಾಗಿ ಬರೆದರೆ ಆ ಅಲುಗಾಟದಲ್ಲಿ ಬರೆಹವೆಲ್ಲ ಕೆಟ್ಟುಹೋಗುವುದು. ಅಂಗೈಯಗಲ ಬರೆದರೆ ಅದೇ ಅಲುಗಾಟವು ಕಣ್ಣಿಗೇ ಬೀಳದು. ಕಾಗದವು ಹೆಚ್ಚು ಬೇಕಾಗುವುದು, ಅಷ್ಟೆ. ಹಾಗೆಯೇ ಆತನು ಕಂಪನಸಂಖ್ಯೆಯನ್ನು ಸ್ವಲ್ಪವಲ್ಲ, ಬಹಳವಾಗಿ ಬದಲಿಸಿದನು. ಹಳೆಯ ಕ್ರಮದ ಕೇಂದ್ರಕ್ಕೆ 10 ಕಿಲೋಹರ್ಟ್ಸ್ ಅಗಲ ಸಾಕಾಗಿದ್ದರೆ ಆತನ ಕ್ರಮಕ್ಕೆ 200 ಬೇಕಾಯಿತು, ಎಂದರೆ ಇಪ್ಪತ್ತು ಮಡಿ. ಅಷ್ಟು ಜಾಗವು ದೊರೆಯಬೇಕಾದರೆ ಆಗ ಯಾರೂ ಹೆಚ್ಚಾಗಿ ಉಪಯೋಗಿಸದಿದ್ದ, 40 ಮೆಗಾಹರ್ಟ್ಸಿಗಿಂತ ಮೇಲಣ ಅಲೆಗಳಿಗೆ ಹೋಗಬೇಕು, ಹೋದನು. ಕೇಳುವ ಯಂತ್ರದಲ್ಲಿ ಅಲೆಯ ಎತ್ತರವನ್ನೆಲ್ಲ ಒಂದೇ ಸಮನಾಗಿ ಕತ್ತರಿಸಿಹಾಕುವ ಮಿತಿಕಾರಕವೊಂದನ್ನು ಇಟ್ಟನು. ಸಿಡಿಲು ತಂದ ಏರಿಳಿತವು ಅಲ್ಲಿಯೇ ಕತ್ತರಿಸಿಹೋಗಿ, ಸ್ವರ ಮಾತ್ರ ಒಳಕ್ಕೆ ಬಂದಿತು. ಒಂದೇ ಜಾಗದಲ್ಲಿ ಎರಡು ಕೇಂದ್ರಗಳ ಅಲೆಗಳು ಬಂದರೆ ಪ್ರಬಲವಾದುದೊಂದೇ ಕೇಳಿಸಿ ಇನ್ನೊಂದು ಅಡಗುವುದೆಂಬ ಲಾಭವೂ ಕೂಡಿಬಂದಿತು. ಈ ಕ್ರಮವೇ ಎಫ್.ಎಂ. ಇದರ ಮುಖ್ಯ ಪೇಟೆಂಟುಗಳು ಆತನಿಗೆ 1933ನೆಯ ಡಿಸೆಂಬರ್ 26ರಂದು ದೊರೆತುವು.

ಮರುವರ್ಷ ಜೂನಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮೇಲಣ ಆರ್.ಸಿ.ಎ. ಪ್ರಸಾರಯಂತ್ರದಿಂದ ಪರೀಕ್ಷೆಗಳು ನಡೆದುವು. ಒಂದೇ ಸಂಗೀತವನ್ನು ಹಳೆಯ ಕ್ರಮದಲ್ಲಿಯೂ ಹೊಸ ಕ್ರಮದಲ್ಲಿಯೂ ಕಳುಹಿಸಿ, ಸುಮಾರು 70 ಮೈಲಿಗಳಾಚೆ ಲಾಂಗ್ ಐಲೆಂಡಿನಲ್ಲಿ ಕೇಳಿದರು. ಗುಡುಗುಮಳೆಯ ನಡುವೆ ಹಳೆಯದು ಗರಗರದಲ್ಲಿ ಮುಳುಗಿತು, ಹೊಸದು ತಿಳಿಯಾಗಿ ಕೇಳಿಸಿತು. ಇಷ್ಟಾದ ಮೇಲೆ ಕಂಪನಿಯು ಹರ್ಷದಿಂದ ಇದನ್ನು ಎತ್ತಿಕೊಂಡಿತೆಂದು ವಾಚಕರು ಭಾವಿಸಬಹುದು. ನಡೆದುದು ಹಾಗಲ್ಲ. 1935ರಲ್ಲಿ ಟೆಲಿವಿಷನ್ನಿನ ಪ್ರಯೋಗಕ್ಕೆ ಸ್ಥಳ ಬೇಕೆಂದು ಹೇಳಿ ಆತನ ಯಂತ್ರಗಳನ್ನು ತೆಗೆಯಿಸಿದರು. ಸಾರ್ನಾಫನಿಗೆ ಬೇಕಾಗಿದ್ದುದು ಇದ್ದ ರೇಡಿಯೋಗೆ ಒಂದು ಸಣ್ಣ ತಿದ್ದುಪಡಿ. ಕೈಗೆ ಬಂದುದು ಎಲ್ಲ ಪ್ರಸಾರಯಂತ್ರಗಳನ್ನೂ ಎಲ್ಲ ಪೆಟ್ಟಿಗೆಗಳನ್ನೂ ಹಳೆಯದಾಗಿಸುವ ಹೊಸ ವ್ಯವಸ್ಥೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಆತನ ಹಿಂಜರಿಕೆಯು ಅರ್ಥವಾಗದುದಲ್ಲ. ಟೆಲಿವಿಷನ್ನಿಗೆ ಕೋಟಿಗಟ್ಟಲೆ ಸುರಿಯುತ್ತಿದ್ದವನು ಹಣ ತರುತ್ತಿದ್ದ ಹಳೆಯ ಅಂಗಡಿಯನ್ನು ತಾನಾಗಿ ಮುಚ್ಚುವನೆ?

ಇದಕ್ಕೂ ಮುಂಚೆ, 1934ನೆಯ ಮೇ ತಿಂಗಳಲ್ಲಿ, ಇನ್ನೊಂದು ಪೆಟ್ಟು ಬಿದ್ದಿತ್ತು. ಮೊದಲನೆಯ ಆವಿಷ್ಕಾರವು ತನ್ನದೆಂದು ಡಿ ಫಾರೆಸ್ಟನು ಹೂಡಿದ್ದ ವ್ಯಾಜ್ಯವು ವರ್ಷಾನುಗಟ್ಟಲೆ ನಡೆದು, ಅಮೆರಿಕದ ಸುಪ್ರೀಮ್ ಕೋರ್ಟು ಡಿ ಫಾರೆಸ್ಟನ ಪರವಾಗಿ ಕಡೆಯ ತೀರ್ಪನ್ನು ಕೊಟ್ಟಿತು. 1912ರಲ್ಲಿ ಯಂತ್ರವು ಊಳಿಟ್ಟುದನ್ನು ಎದುರುಪಕ್ಷದವರು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದರೆಂಬುದು ಆಧಾರವಾಯಿತು. ಕಂಡುದಕ್ಕೂ ತಿಳಿದುದಕ್ಕೂ ಇರುವ ಭೇದವನ್ನು ನ್ಯಾಯಾಲಯವು ಎಣಿಸಲಿಲ್ಲವೆಂದು ನಮ್ಮ ಅಭಿಪ್ರಾಯ. ಆಗಿನ ಬಹುಮಂದಿ ಎಂಜಿನಿಯರುಗಳ ಅಭಿಪ್ರಾಯವೂ ಅದೇ. ರೇಡಿಯೋ ಎಂಜಿನಿಯರುಗಳ ಸಂಸ್ಥೆಯು ಆ ಆವಿಷ್ಕಾರಕ್ಕಾಗಿ ಹಿಂದೆ ತನಗೆ ಕೊಟ್ಟಿದ್ದ ಪದಕವನ್ನು ಮರಳಿಸಲೆಂದು ಆತನು ಫಿಲಡೆಲ್ಫಿಯದ ಸಮ್ಮೇಳನಕ್ಕೆ ಹೋದನು. ಸಂಸ್ಥೆಯು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸಿ ಗೌರವವನ್ನು ಎತ್ತಿಹಿಡಿಯಿತು, ಸಭೆಯೆಲ್ಲ ಎದ್ದುನಿಂತಿತು.

ಅದೇ ಸಂಸ್ಥೆಯ ಎದುರಿಗೆ, 1935ನೆಯ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ, ಆತನು ಪ್ರಬಂಧವನ್ನೋದಿದನು. ರೇಡಿಯೋ ಸಂಕೇತಗಳಲ್ಲಿನ ಅಡಚಣೆಗಳನ್ನು ತಗ್ಗಿಸುವ ಕ್ರಮ ಎಂಬುದೇ ಅದರ ವಿಷಯ. ಓದು ಮುಗಿದೊಡನೆ, ಯಾರಿಗೂ ಮೊದಲೇ ತಿಳಿಸದೆ ಯಾಂಕರ್ಸಿನ ಗೆಳೆಯನೊಬ್ಬನ ಮನೆಯಲ್ಲಿ ಸಿದ್ಧಪಡಿಸಿದ್ದ ಕೇಂದ್ರದಿಂದ ಪ್ರಸಾರವನ್ನು ಕೇಳಿಸಿದನು. ಪೆಟ್ಟಿಗೆಯಲ್ಲಿ ಮೊದಲು ನಿಶ್ಶಬ್ದ. ಬಳಿಕ ಲೋಟಕ್ಕೆ ನೀರು ಸುರಿದ ಸದ್ದು ನೀರು ಸುರಿದಂತೆಯೇ, ಕಾಗದ ಮುದುರಿದ ಸದ್ದು ಕಾಗದ ಮುದುರಿದಂತೆಯೇ ಕೇಳಿಸಿತು. ರೇಡಿಯೋದಲ್ಲಿ ನಿಶ್ಶಬ್ದವನ್ನು ಕೇಳಿದುದು ಆ ಸಭಿಕರಿಗೆ ಅದೇ ಮೊದಲಾಗಿರಬೇಕು.

ಬಳಿಕ ಆತನು ಯಾರನ್ನೂ ಕಾಯಲಿಲ್ಲ. ಹಡ್ಸನ್ ನದಿಯ ಆಚೆ ದಂಡೆಯ ಬಂಡೆಯ ಮೇಲೆ, ನ್ಯೂಜರ್ಸಿಯ ಆಲ್ಪೈನಿನಲ್ಲಿ, 425 ಅಡಿಯ ಗೋಪುರವನ್ನು ಸ್ವಂತ ಹಣದಿಂದ ಕಟ್ಟಿಸಿ 1939ರಲ್ಲಿ ಪೂರ್ಣಶಕ್ತಿಯ ಪ್ರಸಾರವನ್ನು ನಡೆಸಿದನು. 1940ರಲ್ಲಿ ಸರಕಾರದ ಸಂಪರ್ಕ ಆಯೋಗವು 42ರಿಂದ 50 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಎಫ್.ಎಂ.ಗೆ ಕೊಟ್ಟಿತು. ಆರ್.ಸಿ.ಎ. ಆಗ ಹತ್ತು ಲಕ್ಷ ಡಾಲರುಗಳನ್ನು ಒಂದೇ ಗಂಟಿನಲ್ಲಿ ಕೊಟ್ಟು ಹಕ್ಕನ್ನು ಪಡೆಯಲು ಬಂದಿತು. ಉಳಿದ ಕಂಪನಿಗಳು ಮಾರಿದ ಪ್ರತಿಯೊಂದು ಪೆಟ್ಟಿಗೆಗೂ ಕಾಣಿಕೆ ಕೊಡುತ್ತಿರುವಾಗ ದೊಡ್ಡದಕ್ಕೊಂದು ನ್ಯಾಯ, ಚಿಕ್ಕದಕ್ಕೊಂದು ನ್ಯಾಯ ಮಾಡಲಾರೆನೆಂದು ಆತನು ಒಪ್ಪಲಿಲ್ಲ. ಇದು ಹಟವೆಂದು ಹೇಳುವವರುಂಟು. ನಮಗೆ ಇದು ನ್ಯಾಯಬುದ್ಧಿಯೆಂದು ತೋರುವುದು; ಆದರೆ ಆತನು ಕೆಟ್ಟುದು ಇಲ್ಲಿಂದಲೇ ಎಂಬುದೂ ನಿಜ.

ಎರಡನೆಯ ಮಹಾಯುದ್ಧವು ಬಂದಾಗ ತನ್ನ ಪೇಟೆಂಟುಗಳನ್ನು ಕಾಣಿಕೆಯಿಲ್ಲದೆ ಸೈನ್ಯದ ಉಪಯೋಗಕ್ಕೆ ಬಿಟ್ಟುಕೊಟ್ಟನು. ಅಮೆರಿಕದ ಟ್ಯಾಂಕುಗಳಲ್ಲಿ, ಎಂಜಿನ್ನಿನ ಕಿಡಿಗಳ ಮಗ್ಗುಲಲ್ಲಿಯೇ ಕುಳಿತ ಸೈನಿಕನಿಗೆ ಅಪ್ಪಣೆಯು ಸ್ಪಷ್ಟವಾಗಿ ಕೇಳಿಸಿದುದು ಎಫ್.ಎಂ.ನಿಂದ. ಯುದ್ಧವು ಮುಗಿಯುತ್ತ ಬಂದಂತೆ, 1945ರ ಜೂನಿನಲ್ಲಿ, ಅದೇ ಆಯೋಗವು ಎಫ್.ಎಂ.ನ್ನು ಹಳೆಯ ಪಟ್ಟಿಯಿಂದ ಎಬ್ಬಿಸಿ 88ರಿಂದ 108ರ ಪಟ್ಟಿಗೆ ಸಾಗಿಸಲು ತೀರ್ಮಾನಿಸಿತು. ಜನರು ಕೊಂಡಿದ್ದ ಲಕ್ಷಗಟ್ಟಲೆ ಪೆಟ್ಟಿಗೆಗಳೂ, ಕಟ್ಟಿದ್ದ ಪ್ರಸಾರಯಂತ್ರಗಳೂ ಇದರಿಂದ ನಿರುಪಯುಕ್ತವಾಗತಕ್ಕವು.

ಕೊಟ್ಟ ಕಾರಣವು ಗಮನಿಸತಕ್ಕುದು: ಸೂರ್ಯನ ಕಲೆಗಳು ಹೆಚ್ಚಿದಾಗ ಆಕಾಶದ ಮೇಲ್ಪದರವು ದೂರದ ಕೇಂದ್ರಗಳ ಅಲೆಗಳನ್ನು ಕೆಳಕ್ಕೆ ತಿರುಗಿಸಿ ಅಡಚಣೆಯನ್ನುಂಟುಮಾಡುವುದಂತೆ. ಅಡಚಣೆಯನ್ನು ಗೆದ್ದ ವ್ಯವಸ್ಥೆಯನ್ನು ಅಡಚಣೆಯ ಹೆಸರಿನಲ್ಲಿಯೇ ಒಕ್ಕಲೆಬ್ಬಿಸಿದರು! ಆರ್ಮ್‌ಸ್ಟ್ರಾಂಗನೂ ಅನೇಕ ತಜ್ಞರೂ ಆ ಲೆಕ್ಕವನ್ನು ಒಪ್ಪದೆ ವಾದಿಸಿದರು. ತೆರವಾದ ಜಾಗದಲ್ಲಿ ಒಂದಂಶವನ್ನು ಆಯೋಗವು ಟೆಲಿವಿಷನ್ನಿಗೆ ಕೊಟ್ಟಿತು, ಎಫ್.ಎಂ.ಗೆ ತಗಲುವ ಅಡಚಣೆಯು ಅದಕ್ಕಿಂತ ಸುಕುಮಾರವಾದ ಟೆಲಿವಿಷನ್ನಿಗೆ ಏಕೆ ತಗಲದು ಎಂಬ ಪ್ರಶ್ನೆಗೆ ಸರಿಯಾದ ಉತ್ತರವು ಬರಲಿಲ್ಲ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಕೆಳಗಿನ ಅಲೆಗಳಲ್ಲಿ ಅಂಥ ಅಡಚಣೆಯು ಆಗಾಗ ಆಗುವುದು ಸುಳ್ಳಲ್ಲ, ಮತ್ತು ಮೇಲಣ ಪಟ್ಟಿಯು ಕಾಲಕ್ರಮದಲ್ಲಿ ಚೆನ್ನಾಗಿಯೇ ಕೆಲಸಕ್ಕೆ ಬಂದಿತು. ನಮ್ಮ ದೇಶದಲ್ಲಿ 1977ರಲ್ಲಿ ಮದರಾಸಿನಲ್ಲಿ ಆರಂಭವಾದ ಎಫ್.ಎಂ. ಪ್ರಸಾರವೂ, 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೊತ್ತಮೊದಲಾಗಿ ಬಂದ ಖಾಸಗಿ ಕೇಂದ್ರವೂ ಆ ಪಟ್ಟಿಯಲ್ಲಿಯೇ ನೆಲೆಸಿದುವು. ಆದರೆ ಬೇರುಬಿಡುತ್ತಿದ್ದ ಸಸಿಯನ್ನು ಕಿತ್ತು ನೆಟ್ಟುದರಿಂದ ಆದ ವರ್ಷಗಳ ನಷ್ಟವನ್ನು ಹೊತ್ತವನು ಆರ್ಮ್‌ಸ್ಟ್ರಾಂಗನು, ಆಯೋಗವಲ್ಲ.

ಟೆಲಿವಿಷನ್ನಿನ ಧ್ವನಿಯ ಭಾಗಕ್ಕೆ ಅಮೆರಿಕದಲ್ಲಿ ಗೊತ್ತುಮಾಡಿದುದು ಎಫ್.ಎಂ. ಆರ್.ಸಿ.ಎ. ಅದನ್ನು ಉಪಯೋಗಿಸಿತು, ಕಾಣಿಕೆಯನ್ನು ಮಾತ್ರ ಕೊಡಲಿಲ್ಲ. 1948ರಲ್ಲಿ ಆತನು ದಾವೆ ಹೂಡಿದನು. ಎದುರುಪಕ್ಷದ ವಕೀಲರು ವಿಚಾರಣೆಗಳನ್ನು ವರ್ಷಗಟ್ಟಲೆ ಎಳೆದರು. ಎಫ್.ಎಂ.ನ್ನು ಬೆಳೆಸುವುದರಲ್ಲಿ ತನ್ನ ಕಂಪನಿಯ ಪಾಲು ಆರ್ಮ್‌ಸ್ಟ್ರಾಂಗನ ಪಾಲಿಗಿಂತ ಹೆಚ್ಚಿನದೆಂದು ಸಾರ್ನಾಫನು ಸಾಕ್ಷ್ಯದಲ್ಲಿ ನುಡಿದಾಗ ಹಳೆಯ ಸ್ನೇಹದ ಕೊನೆಯ ಎಳೆಯೂ ಹರಿಯಿತು. 1950ರಲ್ಲಿ ಮುಖ್ಯ ಪೇಟೆಂಟುಗಳ ಅವಧಿಯೇ ತೀರಿಹೋಯಿತು. ವ್ಯಾಜ್ಯಕ್ಕೆ ಸುರಿದು ಸುರಿದು ಸಂಪತ್ತು ಕರಗಿತು. ಹಣವನ್ನು ಇನ್ನು ಸುರಿಯಬೇಡವೆಂದ ಪತ್ನಿಯ ಮೇಲೆ 1953ರ ನವೆಂಬರಿನಲ್ಲಿ ಸಿಟ್ಟಿನಿಂದ ಕೈಮಾಡಿದನು. ಆಕೆಯು ಮನೆಯನ್ನು ಬಿಟ್ಟು ಸೋದರಿಯ ಬಳಿಗೆ ಹೋದಳು. ಇದನ್ನು ನಾವು ಮುಚ್ಚಿಡಲಾರೆವು. 1954ನೆಯ ಜನವರಿ 31ರ ರಾತ್ರಿ, ಆಕೆಗೆ ಕ್ಷಮೆ ಬೇಡುವ ಪತ್ರವೊಂದನ್ನು ಬರೆದಿಟ್ಟು, ಎತ್ತರದ ತನ್ನ ಮನೆಯಿಂದ ಬಿದ್ದು ಪ್ರಾಣವನ್ನು ಕಳೆದುಕೊಂಡನು. ಆಗ ಆತನಿಗೆ 63 ವರ್ಷ.

ವ್ಯಾಜ್ಯವನ್ನು ಕೈಬಿಡಬೇಕೆಂದಿದ್ದ ಮೇರಿಯನ್ನಳೇ ಅದನ್ನು ಕೈಗೆತ್ತಿಕೊಂಡಳು. ಅದೇ ವರ್ಷದ ಕೊನೆಯಲ್ಲಿ ಆರ್.ಸಿ.ಎ. ಹತ್ತು ಲಕ್ಷ ಡಾಲರಿಗೆ ಸ್ವಲ್ಪ ಮೇಲ್ಪಟ್ಟು ಕೊಟ್ಟು ರಾಜಿಯಾಯಿತು. 1940ರಲ್ಲಿ ಆತನು ಒಲ್ಲೆನೆಂದಿದ್ದ ಮೊತ್ತವು ಹೆಚ್ಚುಕಡಿಮೆ ಅಷ್ಟೇ. ಉಳಿದ ಕಂಪನಿಗಳೊಡನೆ ಆಕೆಯು ಒಂದೊಂದಾಗಿ ಹೋರಾಡಿ, 1967ರಲ್ಲಿ ಮೊಟೊರೋಲದ ಮೇಲಿನ ಕಡೆಯ ದಾವೆಯನ್ನೂ ಗೆದ್ದಳು.

ಆಲ್ಪೈನಿನ ಗೋಪುರವು ಇಂದಿಗೂ ನಿಂತಿದೆ. 2001ನೆಯ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳು ಕುಸಿದು, ಅವುಗಳ ಮೇಲಿದ್ದ ಪ್ರಸಾರಯಂತ್ರಗಳು ನಾಶವಾದಾಗ, ನಗರದ ಹಲವು ಟೆಲಿವಿಷನ್ ಕೇಂದ್ರಗಳು ಕೆಲವು ಕಾಲ ಆ ಗೋಪುರದಿಂದ ಪ್ರಸಾರ ಮಾಡಿದುವು.